ಕಾರವಾರದಲ್ಲಿ ಸರಿ, ಶಿರಸಿಯಲ್ಲಿ ಹಟ: ಬೆಳಿಗ್ಗೆ ಸ್ಟಾರ್ಟ್ ಆಗದ ಒಂದು ಹಳೇ ಡೀಸೆಲ್ ಕಾರು

ಮೇಷ್ಟ್ರ ಕಾರು ಮೊದಲ ಸಲ ನನ್ನ ಅಂಗಡಿಗೆ ಬಂದಿದ್ದು ಡಿಸೆಂಬರ್ ಎರಡನೇ ವಾರ, ಮಧ್ಯಾಹ್ನ ಮೂರು ಗಂಟೆಗೆ. ಬಂದು ನಿಲ್ಲಿಸಿದರು, ಆಫ್ ಮಾಡಿದರು, ಮತ್ತೆ ಕೀಲಿ ತಿರುಗಿಸಿದರು. ಅರ್ಧ ಸುತ್ತಿಗೆ ಸ್ಟಾರ್ಟ್. "ನೋಡಿ ಈಗ ಎಷ್ಟು ಸಾಧು! ಬೆಳಿಗ್ಗೆ ಇದೇ ಗಾಡಿ ಮಕ್ಕಳ ಎದುರಿಗೆ ನನ್ನ ಮಾನ ಕಳೀತದೆ ಮಾರಾಯ್ರೆ" ಅಂದರು.

ಶಿರಸಿಯಲ್ಲಿ ನನ್ನದು ಬ್ಯಾಟರಿ, ಸೆಲ್ಫ್, ಡೈನಮೋ, ವೈರಿಂಗ್ ಕೆಲಸದ ಸಣ್ಣ ಅಂಗಡಿ. ಇಂಜಿನ್ ಬಿಚ್ಚುವುದು ನನ್ನ ಕೆಲಸ ಅಲ್ಲ. ಹಾಗಾಗಿ ನನ್ನ ಹತ್ತಿರ ಬರುವ ಗಾಡಿಗಳು ಸಾಮಾನ್ಯವಾಗಿ ಒಂದೆರಡು ಗ್ಯಾರೇಜು ಸುತ್ತಿ, ಸ್ವಲ್ಪ ದುಡ್ಡು ಕಳೆದುಕೊಂಡೇ ಬಂದಿರುತ್ತವೆ. ಇದೂ ಹಾಗೇ ಬಂದಿತ್ತು.

2005ರ ಮಾಡೆಲ್, ಡೀಸೆಲ್. ಯಾವ ಕಂಪನಿ ಅಂತ ಹೇಳುವುದಿಲ್ಲ, ಇಲ್ಲಿ ಕಂಪನಿಯ ತಪ್ಪೇನೂ ಇಲ್ಲ. ಆ ಕಾಲದ ಸಣ್ಣ ಡೀಸೆಲ್ ಕಾರುಗಳ ಹಣೆಬರಹ ಹೆಚ್ಚುಕಮ್ಮಿ ಒಂದೇ. ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ, ಕಾಮನ್ ರೈಲ್ ಇಲ್ಲ, ಇಂಜಿನ್‌ಗೆ ಡೀಸೆಲ್ ಕಳಿಸಲು ಹಳೇ ನಮೂನೆಯ ರೋಟರಿ ಪಂಪು. ಮೀಟರಿನಲ್ಲಿ 1,38,000 ಕಿಲೋಮೀಟರ್. ನಂಬರ್ ಪ್ಲೇಟು ಕೆಎ 30, ಅಂದರೆ ಕಾರವಾರ. ಶಿರಸಿಯದು ಕೆಎ 31. ಈ ಒಂದು ಅಂಕಿ ವ್ಯತ್ಯಾಸದಲ್ಲೇ ಇಡೀ ಕಥೆ ಇತ್ತು. ಆದರೆ ಆ ದಿನ ಅದು ನನಗೆ ಹೊಳೆಯಲಿಲ್ಲ.

ಮೇಷ್ಟ್ರು ಹನ್ನೊಂದು ವರ್ಷ ಕಾರವಾರದಲ್ಲಿದ್ದವರು. ಸಮುದ್ರಕ್ಕೆ ಕೂಗಳತೆಯಲ್ಲಿ ಬಾಡಿಗೆ ಮನೆ. ಕಾರಿಗೆ ಶೆಡ್ ಇಲ್ಲ, ತೆಂಗಿನ ಮರದ ನೆರಳಷ್ಟೇ. ಜೂನ್‌ನಲ್ಲಿ ವರ್ಗವಾಗಿ ನಮ್ಮ ತಾಲೂಕಿಗೆ ಬಂದರು. ಹುಲೇಕಲ್ ಕಡೆಯ ಒಂದು ಹಳ್ಳಿಯಲ್ಲಿ ತೋಟದ ಮನೆಯವರ ಹೊರಗಿನ ಬಿಡಾರ ಹಿಡಿದರು. ಮಳೆಗಾಲ ಪೂರ್ತಿ ಗಾಡಿ ಒಂದು ಮಾತು ಆಡಲಿಲ್ಲ. ದೀಪಾವಳಿ ಕಳೆದು ಇಬ್ಬನಿ ಬೀಳಲು ಶುರುವಾಯಿತು ನೋಡಿ, ಬೆಳಗಿನ ಹಟವೂ ಶುರುವಾಯಿತು. ಮೊದಮೊದಲು ಮೂರು ಸಲ ಸೆಲ್ಫ್ ಹೊಡೆದರೆ ಬರುತ್ತಿತ್ತು. ಡಿಸೆಂಬರ್ ಹೊತ್ತಿಗೆ ಹತ್ತು ಸಲ ಹೊಡೆದರೂ ಇಲ್ಲ. ಕೊನೆಗೆ ಪಕ್ಕದ ಮನೆಯ ಹುಡುಗರನ್ನು ಕರೆದು ಇಳಿಜಾರಿನಲ್ಲಿ ತಳ್ಳಿಸಿಕೊಂಡು, ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟರೆ ಗಾಡಿ ಕೆಮ್ಮುತ್ತಾ ಎದ್ದೇಳುತ್ತಿತ್ತು.

ತಳ್ಳಿದರೆ ಸ್ಟಾರ್ಟ್ ಆಗುತ್ತದೆ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಮಾತು "ಬ್ಯಾಟರಿ ಹೋಗಿದೆ". ಮೊದಲ ಗ್ಯಾರೇಜಿನಲ್ಲೂ ಅದೇ ಹೇಳಿದರು. ಹೊಸ ಬ್ಯಾಟರಿ, 5,200 ರೂಪಾಯಿ. ಸೆಲ್ಫ್ ಜೋರಾಗಿ ತಿರುಗಿತು, ಗಾಡಿ ಮಾತ್ರ ಏಳಲಿಲ್ಲ. ಎರಡನೇ ಗ್ಯಾರೇಜಿನಲ್ಲಿ ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ ಸರ್ವಿಸ್ ಮಾಡಿಸಿದರು, 3,600 ಹೋಯಿತು. ಆಮೇಲೆ "ಪಂಪ್ ಇಳಿಸಬೇಕು, ಹುಬ್ಬಳ್ಳಿಗೆ ಕಳಿಸಬೇಕು, ಹದಿನಾಲ್ಕು ಸಾವಿರ ಆಗಬಹುದು" ಅಂದರಂತೆ. ಆಗ ಮೇಷ್ಟ್ರಿಗೆ ಭಯ ಆಯಿತು. ಗಾಡಿಯ ಬೆಲೆಯೇ ಐವತ್ತು ಸಾವಿರ ಇಲ್ಲ, ಅದಕ್ಕೆ ಹದಿನಾಲ್ಕು ಸಾವಿರದ ಪಂಪು ಯಾರು ಹಾಕಿಸುತ್ತಾರೆ?

ಆ ಮೆಕ್ಯಾನಿಕ್‌ಗಳನ್ನು ನಾನು ಬೈಯುವುದಿಲ್ಲ. ಇಬ್ಬರೂ ಗಾಡಿ ನೋಡಿದ್ದು ಮಧ್ಯಾಹ್ನ, ಇಂಜಿನ್ ಬಿಸಿ ಇದ್ದಾಗ. ಹೊಟ್ಟೆನೋವು ನಿಂತ ಮೇಲೆ ಡಾಕ್ಟರ ಹತ್ತಿರ ಹೋದ ಹಾಗೆ. ನಾನೂ ಮುಂದೆ ಅದೇ ತಪ್ಪು ಮಾಡಿದೆ, ಅದನ್ನೂ ಹೇಳುತ್ತೇನೆ.

"ತಣ್ಣಗಿದ್ದಾಗ ಸ್ಟಾರ್ಟ್ ಆಗಲ್ಲ" ಅನ್ನುವ ದೂರು ಕೇಳಲು ಒಂದೇ ಅನಿಸಿದರೂ ಅದರೊಳಗೆ ಮೂರು ಬೇರೆ ಬೇರೆ ದೂರುಗಳಿರುತ್ತವೆ. ಚಳಿಗೆ ಸ್ಟಾರ್ಟ್ ಆಗದಿರುವುದು ಒಂದು. ರಾತ್ರಿಯಿಡೀ ನಿಂತಿದ್ದಕ್ಕೆ ಆಗದಿರುವುದು ಇನ್ನೊಂದು. ಪಸೆಗೆ, ಒದ್ದೆಗೆ ಆಗದಿರುವುದು ಮತ್ತೊಂದು. ಬೆಳಿಗ್ಗೆ ಆರೂವರೆಗೆ ಈ ಮೂರೂ ಒಟ್ಟಿಗೇ ಇರುತ್ತವೆ: ಚಳಿಯೂ ಇದೆ, ಎಂಟು ಗಂಟೆ ನಿಂತೂ ಇದೆ, ಬಾನೆಟ್ ಮೇಲೆ ಇಬ್ಬನಿಯೂ ಇದೆ. ಯಾವುದು ಕಳ್ಳ ಅಂತ ಬೇರೆ ಮಾಡದೆ ಸ್ಪ್ಯಾನರ್ ಹಿಡಿದರೆ ಬ್ಯಾಟರಿ, ನಾಜಲ್, ಪಂಪು ಅಂತ ಒಂದೊಂದೇ ಬದಲಿಸುತ್ತಾ ಹೋಗಬೇಕಾಗುತ್ತದೆ.

ಹಾಗಾಗಿ ಬಾನೆಟ್ ಎತ್ತುವ ಮೊದಲು ಮೇಷ್ಟ್ರನ್ನು ಕೂರಿಸಿ, ಚಹಾ ತರಿಸಿ, ಕೇಳುತ್ತಾ ಹೋದೆ.

ಮಳೆಗಾಲದಲ್ಲಿ ಸರಿ ಇತ್ತಾ? ಸರಿ ಇತ್ತು. ಜುಲೈ ತಿಂಗಳಲ್ಲಿ ಶಿರಸಿಯಲ್ಲಿ ಒಣಗಿದ ಜಾಗ ಅಂತ ಯಾವುದೂ ಇರುವುದಿಲ್ಲ. ಆಗ ಸ್ಟಾರ್ಟ್ ಆದ ಗಾಡಿಗೆ ಒದ್ದೆ ಕಾರಣ ಅಲ್ಲ. ಅದರ ಮೇಲೆ ಇದು ಡೀಸೆಲ್. ಹಳೇ ಪೆಟ್ರೋಲ್ ಗಾಡಿಯಾಗಿದ್ದರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ಪಸೆ ಕೂತು ಕರೆಂಟು ದಾರಿ ತಪ್ಪುತ್ತಿತ್ತು. ಡೀಸೆಲ್‌ನಲ್ಲಿ ಕಿಡಿಯೇ ಇಲ್ಲವಲ್ಲ. ಪಸೆಯ ಬಾಬತ್ತು ಅಲ್ಲಿಗೆ ಮುಗಿಯಿತು.

ಸೆಲ್ಫ್ ಹೊಡೆಯುವಾಗ ಹಿಂದೆ ಹೊಗೆ ಬರುತ್ತಾ? ಮೇಷ್ಟ್ರಿಗೆ ಗೊತ್ತಿಲ್ಲ, ಅವರು ಸ್ಟೇರಿಂಗ್ ಹಿಂದೆ ಕೂತಿರುತ್ತಾರೆ. ಮಗನಿಗೆ ಫೋನ್ ಹಚ್ಚಿದರು. ಅವನು ತಳ್ಳುವ ಬಳಗದವನು, ಎಲ್ಲವನ್ನೂ ಹಿಂದಿನಿಂದ ನೋಡಿದವನು. "ಬೆಳ್ಳಗೆ ಹೊಗೆ ಬರ್ತದೆ ಅಂಕಲ್, ಕಣ್ಣು ಉರೀತದೆ, ಡೀಸೆಲ್ ವಾಸನೆ" ಅಂದ. ಆ ಹುಡುಗನ ಒಂದು ಮಾತು ಪಂಪಿನ ಹದಿನಾಲ್ಕು ಸಾವಿರ ಉಳಿಸಿತು. ಬಿಳಿ ಹೊಗೆ ಅಂದರೆ ಉರಿಯದ ಡೀಸೆಲ್ ಆವಿಯಾಗಿ ಹೊರಗೆ ಬರುತ್ತಿದೆ ಅಂತ. ಅಂದರೆ ಪಂಪು ಕಳಿಸುತ್ತಿದೆ, ನಾಜಲ್ ಚಿಮ್ಮಿಸುತ್ತಿದೆ, ಒಳಗೆ ಹೊತ್ತಿಕೊಳ್ಳುತ್ತಿಲ್ಲ. ಡೀಸೆಲೇ ಬರದಿದ್ದರೆ ಹೊಗೆಯೇ ಇರುವುದಿಲ್ಲ, ಸೆಲ್ಫ್ ಸುಮ್ನೆ ತಿರುಗುತ್ತಾ ಇರುತ್ತದೆ.

ಬೇರೆ ಊರಲ್ಲಿ ರಾತ್ರಿ ನಿಲ್ಲಿಸಿದ್ದು ಉಂಟಾ? ಉಂಟು. ಹಿಂದಿನ ವಾರ ದೇವಿಮನೆ ಘಟ್ಟ ಇಳಿದು ಕುಮಟೆಗೆ, ಹೆಂಡತಿ ಮನೆಗೆ ಹೋಗಿದ್ದರು. ಶನಿವಾರ ಸಂಜೆ ನಿಲ್ಲಿಸಿದ ಗಾಡಿ ಸೋಮವಾರ ಬೆಳಿಗ್ಗೆ ಐದಕ್ಕೆ ಎರಡನೇ ಸೆಲ್ಫಿಗೆ ಎದ್ದಿತ್ತು. ಮೇಷ್ಟ್ರು ಅದನ್ನು "ಮಾವನ ಮನೆಯ ಮರ್ಯಾದೆ" ಅಂತ ನಗೆಯಾಡಿದರು. ನನಗೆ ಮಾತ್ರ ಅದು ದೊಡ್ಡ ಸುಳಿವು. ಒಂದೂವರೆ ದಿನ ನಿಂತರೂ ಸ್ಟಾರ್ಟ್ ಆಯಿತು ಅಂದರೆ ಡೀಸೆಲ್ ಪೈಪಿನಲ್ಲಿ ಏರ್ ಹಿಡಿದು ಟ್ಯಾಂಕಿಗೆ ಹಿಂದೆ ಇಳಿಯುವ ರೋಗ ಅಲ್ಲ. ಕುಮಟೆ ಸಮುದ್ರದ ಮಟ್ಟದಲ್ಲಿದೆ, ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿ. ಎರಡೂ ಕಡೆ ಅದೇ ಗಾಡಿ, ಅದೇ ಡೀಸೆಲ್. ಚಳಿ ಮಾತ್ರ ಬೇರೆ.

ಕೊನೆಯದನ್ನು ಮೇಷ್ಟ್ರು ತಾವಾಗೇ ಹೇಳಿದರು, ಅದೂ ನಾಚಿಕೊಂಡು. ಒಂದು ಬೆಳಿಗ್ಗೆ ತಳ್ಳುವವರು ಯಾರೂ ಸಿಗಲಿಲ್ಲ. ಮನೆ ಯಜಮಾನರ ಅಮ್ಮ ಬಚ್ಚಲ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, "ಹಂಡೆಲಿ ಬಿಸ್ನೀರು ಇದ್ದು, ತಗಂಡು ಹೋಗಿ" ಅಂದರಂತೆ. ಮಲೆನಾಡಿನ ಮನೆಗಳಲ್ಲಿ ಬೆಳಿಗ್ಗೆ ಐದಕ್ಕೆಲ್ಲ ಬಚ್ಚಲ ಒಲೆ ಹೊತ್ತಿರುತ್ತದೆ, ಒಣ ಅಡಿಕೆ ಸೋಗೆ ಹಾಕಿ ನೀರು ಕಾಯಿಸುತ್ತಾರೆ. ಮೇಷ್ಟ್ರು ಹಳೇ ಟವೆಲ್ ಬಿಸಿನೀರಿನಲ್ಲಿ ಅದ್ದಿ, ಇಂಜಿನ್‌ಗೆ ಗಾಳಿ ಹೋಗುವ ಪೈಪಿನ ಸುತ್ತ, ಅದು ಹೆಡ್ಡಿಗೆ, ಅಂದರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳಕ್ಕೆ, ಸೇರುವ ಜಾಗದಲ್ಲಿ, ಹತ್ತು ನಿಮಿಷ ಸುತ್ತಿಟ್ಟರು. ಗಾಡಿ ಮೊದಲ ಸಲಕ್ಕೇ ಎದ್ದಿತು.

ಆ ಅಜ್ಜಿಗೆ ಡೀಸೆಲ್ ಇಂಜಿನ್ ಬಗ್ಗೆ ಏನೂ ಗೊತ್ತಿರಲಿಕ್ಕಿಲ್ಲ. ಆದರೆ ಮೂವರು ಮೆಕ್ಯಾನಿಕ್‌ಗಳಿಗಿಂತ ಮೊದಲು ರೋಗ ಹಿಡಿದದ್ದು ಅವರೇ. ಗಾಡಿಗೆ ಬೇಕಾಗಿದ್ದು ಬಿಸಿ. (ಟವೆಲ್ ಸರಿ. ಕೊಡಪಾನಗಟ್ಟಲೆ ಕುದಿನೀರು ತಣ್ಣನೆ ಹೆಡ್ ಮೇಲೆ ಸುರಿಯಬೇಡಿ, ಸೀಳು ಬಿಡುವ ಅಪಾಯ ಇದೆ.)

ಬಿಸಿ ಯಾಕೆ ಬೇಕು ಅನ್ನುವುದನ್ನು ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಡೀಸೆಲ್ ಇಂಜಿನ್‌ನಲ್ಲಿ ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡುತ್ತಾರೆ, ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಈ ನಮೂನೆಯ ಇಂಜಿನ್ ಗಾಳಿಯನ್ನು ಸುಮಾರು 22 ಪಟ್ಟು ಒತ್ತುತ್ತದೆ. ಇಂಜಿನ್ ಬಿಸಿ ಇದ್ದಾಗ ಒಳಗಿನ ಗಾಳಿ ಆರಾಮಾಗಿ 500 ಡಿಗ್ರಿ ದಾಟುತ್ತದೆ. ಡೀಸೆಲ್ ತಾನಾಗೇ ಹೊತ್ತಿಕೊಳ್ಳಲು ಅದರ ಅರ್ಧ ಸಾಕು. ಆದರೆ ಹಳೇ ಸಣ್ಣ ಡೀಸೆಲ್ ಕಾರುಗಳಲ್ಲಿ ನಾಜಲ್ ನೇರವಾಗಿ ಪಿಸ್ಟನ್ ಮೇಲೆ ಚಿಮ್ಮುವುದಿಲ್ಲ. ಹೆಡ್ಡಿನೊಳಗೆ ಸುಲಿದ ಅಡಿಕೆಯಷ್ಟು ದೊಡ್ಡ ಒಂದು ಸಣ್ಣ ಗೂಡು ಇರುತ್ತದೆ, ಅದರೊಳಗೆ ಚಿಮ್ಮುತ್ತದೆ. ಓಡುವಾಗ ಈ ಗೂಡಿನಿಂದ ಸದ್ದು ಕಡಿಮೆ, ಒಳ್ಳೆಯದೇ. ಬೆಳಿಗ್ಗೆ ಮಾತ್ರ ಆ ಗೂಡಿನ ತಣ್ಣನೆ ಗೋಡೆ ಗಾಳಿಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಅದಕ್ಕೇ ಪ್ರತಿ ಗೂಡಿಗೂ ಒಂದೊಂದು ಹೀಟರ್ ಪ್ಲಗ್ ಇಡುತ್ತಾರೆ. ಪೆನ್ಸಿಲ್‌ನಷ್ಟು ದಪ್ಪದ ಕಡ್ಡಿ, ಕೀಲಿ ಆನ್ ಮಾಡಿದರೆ ಕೆಲವೇ ಸೆಕೆಂಡಿನಲ್ಲಿ ತುದಿ ಕೆಂಡವಾಗುತ್ತದೆ. ಡೀಸೆಲ್ ಅದಕ್ಕೆ ತಾಗಿ ಹೊತ್ತುತ್ತದೆ.

ಕುಮಟೆಗೂ ಶಿರಸಿಗೂ ಬೆಳಗಿನ ಚಳಿಯಲ್ಲಿ ಏಳೆಂಟು ಡಿಗ್ರಿ ವ್ಯತ್ಯಾಸ ಇರಬಹುದು. ಅಷ್ಟಕ್ಕೆ ಇಷ್ಟು ಫರಕಾ ಅಂತ ಮೇಷ್ಟ್ರು ಕೇಳಿದರು. ಆಗುತ್ತದೆ. ಗಾಳಿ ಒತ್ತಿದಾಗ ಹೊರಗಿನ ವ್ಯತ್ಯಾಸವೂ ಒಳಗೆ ಎರಡೂವರೆ ಪಟ್ಟು ಹಿಗ್ಗುತ್ತದೆ, ಹೊರಗಿನ 8 ಡಿಗ್ರಿ ಒಳಗೆ 20 ಆಗುತ್ತದೆ. ಅದರ ಜೊತೆ ಆಯಿಲ್ ಗಟ್ಟಿ, ಸೆಲ್ಫ್ ನಿಧಾನ, ನಿಧಾನವಾದಷ್ಟೂ ಬಿಸಿ ಸೋರಲು ಸಮಯ ಜಾಸ್ತಿ. ತಳ್ಳಿದರೆ ಏಳುತ್ತಿದ್ದುದೂ ಇದಕ್ಕೇ. ಇಳಿಜಾರಿನಲ್ಲಿ ಇಂಜಿನ್ ಸೆಲ್ಫಿಗಿಂತ ವೇಗವಾಗಿ ತಿರುಗುತ್ತದೆ, ಬಿಸಿ ಸೋರುವ ಮೊದಲೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಬ್ಯಾಟರಿ ಹೋಗಿದ್ದರೂ ತಳ್ಳಿದರೆ ಏಳುತ್ತದೆ, ಬಿಸಿ ಸಾಲದಿದ್ದರೂ ತಳ್ಳಿದರೆ ಏಳುತ್ತದೆ. ಆ ಸುಳಿವು ಎರಡು ಕಡೆಗೂ ಕೈ ತೋರಿಸುತ್ತದೆ, ಎಲ್ಲರೂ ನೋಡಿದ್ದು ಒಂದೇ ಕಡೆ.

"ಚಳಿಗೆ ಡೀಸೆಲ್ ಗಟ್ಟಿ ಆಗಿರಬೇಕು" ಅಂತಲೂ ಯಾರೋ ಅವರ ತಲೆಗೆ ತುಂಬಿದ್ದರು. ಅದು ಲಡಾಖ್ ಕಡೆಯ ಕಥೆ. ಅಲ್ಲಿಗಾಗಿಯೇ 2019ರಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ತಂದರು. ಡೀಸೆಲ್ ಮೇಣ ಕಟ್ಟಿ ಗಾಡಿ ನಿಲ್ಲುವಷ್ಟು ಚಳಿ ನಮ್ಮ ಶಿರಸಿಯಲ್ಲಿ ಬೀಳುವುದಿಲ್ಲ.

ಸರಿ, ಹೀಟರ್ ನೋಡೋಣ ಅಂದೆ. ಮೇಷ್ಟ್ರು ತಕ್ಷಣ, "ಹೀಟರ್ ಸರಿ ಉಂಟು, ಕಾಯಿಲ್ ದೀಪ ಹತ್ತಿ ಆರ್ತದೆ, ಮೊದಲನೇ ಗ್ಯಾರೇಜಿನವರೂ ನೋಡಿದ್ದಾರೆ" ಅಂದರು. ಡ್ಯಾಶ್‌ಬೋರ್ಡಿನಲ್ಲಿ ಸುರುಳಿ ಗುರುತಿನ ಹಳದಿ ದೀಪ ಇರುತ್ತದಲ್ಲ, ಅದು. ಈ ದೀಪವನ್ನು ನಂಬಿ ಕೆಟ್ಟವರು ಬಹಳ ಜನ. ಇಂಥ ಹಳೇ ಗಾಡಿಗಳಲ್ಲಿ ಅದು ಬರೀ ಟೈಮರ್ ಲೆಕ್ಕದಲ್ಲಿ ಹತ್ತಿ ಆರುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ ಟೂಲ್ ಬಾಕ್ಸಿನಲ್ಲಿ ಇಟ್ಟಿದ್ದರೂ ದೀಪ ಅಷ್ಟೇ ಚೆನ್ನಾಗಿ ಹತ್ತಿ, ಅಷ್ಟೇ ಚೆನ್ನಾಗಿ ಆರುತ್ತದೆ.

ನಾನು ಮೀಟರನ್ನು ಬ್ಯಾಟರಿಗೆ ಹಚ್ಚಿದೆ. 12.6 ವೋಲ್ಟ್, ಒಳ್ಳೆಯ ಬ್ಯಾಟರಿ. ಕೀಲಿ ಆನ್ ಮಾಡಿಸಿದೆ. ಒಂದು ಹೀಟರ್ ಪ್ಲಗ್ ಹತ್ತರಿಂದ ಹದಿನೈದು ಆಂಪಿಯರ್ ಎಳೆಯುತ್ತದೆ. ನಾಲ್ಕೂ ಸೇರಿ ಐವತ್ತರ ಆಸುಪಾಸು. ಅಷ್ಟು ಎಳೆದರೆ ಬ್ಯಾಟರಿ ವೋಲ್ಟೇಜ್ ಎದ್ದು ಕಾಣುವಷ್ಟು ಕುಸಿಯಬೇಕು. ಇದರಲ್ಲಿ 12.6 ಇದ್ದಿದ್ದು 12.4 ಆಯಿತು, ಅಲ್ಲೇ ನಿಂತಿತು. ಹೀಟರ್‌ಗಳು ಕೆಲಸಕ್ಕೆ ಬಂದಿಲ್ಲ ಅಂತ ಗೊತ್ತಾಯಿತು. ಪ್ಲಗ್‌ಗಳ ತಲೆ ಮೇಲೆ ಹಾಯುವ ಪಟ್ಟಿ ಬಿಚ್ಚಿ, ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ತುದಿ ಒಂದೊಂದೇ ಪ್ಲಗ್ಗಿನ ತಲೆಗೆ ಮುಟ್ಟಿಸಿದೆ. ಎರಡನೆಯದರಲ್ಲಿ ದೀಪ ಹತ್ತಿತು. ಒಂದು, ಮೂರು, ನಾಲ್ಕರಲ್ಲಿ ಇಲ್ಲ. ಮೂರು ಸತ್ತಿವೆ, ಒಂದು ಬದುಕಿದೆ.

ಬಿಚ್ಚುವಾಗ ಅವಸರ ಮಾಡಬಾರದು. ಹಳೇ ಹೀಟರ್ ಪ್ಲಗ್ ಹೆಡ್ಡಿನಲ್ಲಿ ಮುರಿದರೆ ನಾಲ್ಕು ನೂರರ ಕೆಲಸ ಹೆಡ್ ಇಳಿಸುವ ಕೆಲಸ ಆಗುತ್ತದೆ. ಇಂಜಿನ್ ಬಿಸಿ ಇರುವಾಗಲೇ, ಬುಡಕ್ಕೆ ತುಕ್ಕು ಬಿಡಿಸುವ ಆಯಿಲ್ ಬಿಟ್ಟು, ಸ್ವಲ್ಪ ಸಡಿಲ, ಸ್ವಲ್ಪ ಬಿಗಿ, ಮತ್ತೆ ಸಡಿಲ. ಮೂರನೆಯದು ಒಂದು ಗಂಟೆ ತಿಂದಿತು. ಹೊರಗೆ ಬಂದಾಗ ಅದರ ತುದಿ ಉಬ್ಬಿ, ಸೀಳಿ, ಒಳಗಿನ ಬಿಳಿ ಪುಡಿ ಉದುರುತ್ತಿತ್ತು. ಪ್ಲಗ್ಗಿನ ತೂತುಗಳು ಹೇಗೂ ಖಾಲಿ ಇವೆಯಲ್ಲ ಅಂತ ಪಕ್ಕದ ಗ್ಯಾರೇಜಿನಿಂದ ಗೇಜ್ ತಂದು ಕಂಪ್ರೆಷನ್, ಅಂದರೆ ಗಾಳಿಯನ್ನು ಒತ್ತುವ ತಾಕತ್ತು, ಅದನ್ನೂ ನೋಡಿದೆ. ನಾಲ್ಕರಲ್ಲೂ 24ರಿಂದ 27 ಬಾರ್. ಈ ವಯಸ್ಸಿಗೆ ಧಾರಾಳ ಆಯಿತು. ಇಂಜಿನ್ ಗಟ್ಟಿ ಇದೆ.

ಹೊಸ ಪ್ಲಗ್ ನಾಲ್ಕು, 1,400 ರೂಪಾಯಿ. ಹಾಕಿದೆ, ಪಟ್ಟಿ ಬಿಗಿದೆ, ಕೀಲಿ ತಿರುಗಿಸಿದೆ, ಸ್ಟಾರ್ಟ್. ಮೇಷ್ಟ್ರಿಗೆ "ಇನ್ನು ತಳ್ಳೋದು ಬೇಡ" ಅಂತ ಹೇಳಿ ಕಳಿಸಿದೆ.

ಮರುದಿನ ಬೆಳಿಗ್ಗೆ ಆರು ನಲವತ್ತಕ್ಕೆ ಫೋನು. "ಇಲ್ಲ ಮಾರಾಯ್ರೆ. ಸ್ವಲ್ಪ ಸುಧಾರಿಸಿದೆ, ಏಳೆಂಟು ಸಲಕ್ಕೆ ಬಂತು. ಆದರೆ ಹೊಗೆ ಹಾಗೇ ಉಂಟು."

ಫೋನು ಇಟ್ಟ ಮೇಲೆ ನನಗೇ ನಾಚಿಕೆ ಆಯಿತು. ಸಂಜೆ ನಾಲ್ಕೂವರೆಗೆ, ಇನ್ನೂ ಬೆಚ್ಚಗಿದ್ದ ಇಂಜಿನ್ ಮೇಲೆ, ಚಳಿಯ ರಿಪೇರಿಯನ್ನು ಪರೀಕ್ಷೆ ಮಾಡಿದ್ದೆ. ಆ ಹೊತ್ತಿಗೆ ಹೀಟರ್ ಇಲ್ಲದೆಯೂ ಅದು ಏಳುತ್ತಿತ್ತು. ಹಿಂದಿನ ಇಬ್ಬರ ಬಗ್ಗೆ ಮನಸ್ಸಿನಲ್ಲೇ ನಕ್ಕಿದ್ದೆನಲ್ಲ, ಮೂರನೆಯವ ನಾನೇ ಆದೆ.

"ನಾಳೆ ನಾನೇ ಬರ್ತೇನೆ. ನಾ ಬರೋತನಕ ಕೀಲಿ ಮುಟ್ಟಬೇಡಿ" ಅಂದೆ.

ಮರುದಿನ ಆರಕ್ಕೆಲ್ಲ ಅವರ ಅಂಗಳದಲ್ಲಿದ್ದೆ. ಅಡಿಕೆ ಕೊಯ್ಲಿನ ಕಾಲ. ರಾತ್ರಿ ಅಡಿಕೆ ಬೇಯಿಸಿದ ಒಲೆ ಇನ್ನೂ ಬೆಚ್ಚಗಿತ್ತು, ಅಂಗಳವೆಲ್ಲ ಅದರ ಒಗರು ವಾಸನೆ. ಕಾರಿನ ಗಾಜಿನ ಮೇಲೆ ಇಬ್ಬನಿ ಹರಿಯುತ್ತಿತ್ತು. ಥರ್ಮಾಮೀಟರ್ ತಂದಿದ್ದೆ. ಬಾನೆಟ್ ಒಳಗೆ 13 ಡಿಗ್ರಿ. ಅಜ್ಜಿ ಬಂದು "ಹಂಡೆ ನೀರು ಬೇಕಾ?" ಅಂದರು. ಇವತ್ತು ಬೇಡ ಅಮ್ಮ, ಇವತ್ತು ಅದು ತಣ್ಣಗೇ ಇರಬೇಕು ಅಂದೆ.

ಸೆಲ್ಫ್ ಹೊಡೆಯಲಿಲ್ಲ. ಕೀಲಿ ಆನ್ ಮಾತ್ರ, ಹತ್ತು ಸೆಕೆಂಡು. ಬ್ಯಾಟರಿಯಲ್ಲಿ 11.9. ಒಳ್ಳೆಯದು, ಈಗ ಹೀಟರ್‌ಗಳು ಎಳೆಯುತ್ತಿವೆ. ಮೀಟರಿನ ಕಡ್ಡಿಯನ್ನು ಹೀಟರ್ ಪಟ್ಟಿಗೆ ಮುಟ್ಟಿಸಿದೆ. 8.1.

ಬ್ಯಾಟರಿಯಿಂದ ಹೊರಟ 11.9ರಲ್ಲಿ ಪಟ್ಟಿಗೆ ಬಂದು ಮುಟ್ಟಿದ್ದು 8.1. ಸುಮಾರು ನಾಲ್ಕು ವೋಲ್ಟ್ ದಾರಿಯಲ್ಲಿ ಎಲ್ಲೋ ಕಳೆದುಹೋಗಿದೆ. ಹೀಟರ್ ಕೊಡುವ ಬಿಸಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ಹನ್ನೊಂದೂವರೆ ಸಿಗಬೇಕಾದಲ್ಲಿ ಎಂಟು ಸಿಕ್ಕರೆ ಬಿಸಿ ಹೆಚ್ಚುಕಮ್ಮಿ ಅರ್ಧ. ಪ್ಲಗ್ಗಿನ ತುದಿ ಕೆಂಡ ಆಗುವುದಿಲ್ಲ, ಸುಮ್ನೆ ಬೆಚ್ಚಗಾಗುತ್ತದೆ.

ಎಲ್ಲಿ ಕಳೆಯಿತು ಅಂತ ಹುಡುಕಲು ಮೀಟರ್ ಬೇಕೇ ಆಗಲಿಲ್ಲ. ಹೀಟರ್‌ಗೆ ಕರೆಂಟು ಬಿಡುವ ಸ್ವಿಚ್ಚು, ಅಂದರೆ ರಿಲೇ, ಅದರಿಂದ ಬರುವ ದಪ್ಪ ವೈರು ಪಟ್ಟಿಗೆ ಸೇರುವ ಕಡೆ, ವೈರಿನ ತುದಿಗೆ ಒತ್ತಿ ಕೂರಿಸಿದ ಒಂದು ಉಂಗುರದ ಲಗ್ಗು ಇದೆ. ಪಟ್ಟಿಯ ನಟ್ಟು ಬಿಗಿ ಇದೆಯಾ ನೋಡೋಣ ಅಂತ ಕೈ ಹಾಕಿದವನು ಬೆರಳು ಸುಟ್ಟುಕೊಂಡೆ. 13 ಡಿಗ್ರಿ ಚಳಿಯಲ್ಲಿ ಇಡೀ ಇಂಜಿನ್ ಬಾವಿ ನೀರಿನ ಹಾಗೆ ತಣ್ಣಗಿದೆ, ಆ ಒಂದು ಲಗ್ಗು ಮಾತ್ರ ಕಾದ ಕಾವಲಿ. ಆಮೇಲೆ ಅಳೆದು ನೋಡಿದೆ. ರಿಲೇಯಲ್ಲಿ 0.2 ಹೋಗುತ್ತಿತ್ತು, ಲಗ್ಗಿನ ಎರಡು ಬದಿಗೆ ಕಡ್ಡಿ ಇಟ್ಟರೆ 3.4. ಸುಮಾರು 43 ಆಂಪಿಯರ್ ಓಡುತ್ತಿದ್ದರೆ 140 ವ್ಯಾಟಿಗೂ ಜಾಸ್ತಿ ಬಿಸಿ ಆ ಬೆರಳಷ್ಟು ಜಾಗದಲ್ಲಿ ಆಗುತ್ತಿದೆ ಅಂತ ಲೆಕ್ಕ. ಹೀಟರ್‌ಗೆ ಹೋಗಬೇಕಾದ ಬಿಸಿಯಲ್ಲಿ ಒಂದು ಪಾಲನ್ನು ಲಗ್ಗೇ ತಿನ್ನುತ್ತಿತ್ತು.

ಹೊರಗಿನಿಂದ ನೋಡಿದರೆ ಏನೂ ಇಲ್ಲ. ಕಪ್ಪು ಸ್ಲೀವು, ನೆಟ್ಟಗೆ ಕೂತಿದೆ. ಬ್ಲೇಡಿನಿಂದ ಸೀಳಿದೆ. ಒಳಗೆ ಹಸಿರು ಪುಡಿ. ತಾಮ್ರದ ಎಳೆಗಳು ಕಪ್ಪಾಗಿ, ಬೆರಳಲ್ಲಿ ಉಜ್ಜಿದರೆ ಹುಡಿಯಾಗುತ್ತಿದ್ದವು. ಮೂವತ್ತು ನಲವತ್ತು ಎಳೆಗಳಲ್ಲಿ ಲಗ್ಗನ್ನು ನಿಜವಾಗಿ ಹಿಡಿದಿದ್ದು ಏಳೋ ಎಂಟೋ. ಸ್ಲೀವನ್ನು ಮೂರು ಇಂಚು ಹಿಂದೆ ಸೀಳಿದರೂ ಎಳೆಗಳ ಮೈ ಕಪ್ಪು. ಉಪ್ಪಿನ ಗಾಳಿಯ ಪಸೆ ಎಳೆಗಳ ಸಂದಿನಲ್ಲಿ ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಏರುತ್ತದೆ. ಕಾರವಾರ, ಅಂಕೋಲಾ ಕಡೆಯ ಗಾಡಿಗಳಲ್ಲಿ ಈ ಹಸಿರನ್ನು ನಾನು ವಾರಕ್ಕೊಮ್ಮೆ ನೋಡುತ್ತೇನೆ. ಕೆಎ 30 ನೋಡಿದ ದಿನವೇ ನೆನಪಾಗಬೇಕಿತ್ತು.

ಇನ್ನೊಂದು ವಿಷಯ ಅಲ್ಲೇ, ಸುಟ್ಟ ಬೆರಳು ಚೀಪುತ್ತಾ ನಿಂತಾಗ ಹೊಳೆಯಿತು. ಮೊದಲ ದಿನ ನಾನು ಈ ಲಗ್ಗನ್ನು ಅಳೆದಿದ್ದರೂ ಸಿಕ್ಕಿಬೀಳುತ್ತಿರಲಿಲ್ಲವೇನೋ. ಆಗ ಬದುಕಿದ್ದುದು ಒಂದೇ ಪ್ಲಗ್ಗು. ಅದೊಂದು ಎಳೆಯುವ ಕರೆಂಟಿಗೆ, ವೈರು ಲಗ್ಗು ಸೇರುವ ಈ ಗಂಟಿನಲ್ಲಿ ಒಂದು ವೋಲ್ಟ್ ಕೂಡ ಕಳೆಯುತ್ತಿರಲಿಲ್ಲ. ನಾಲ್ಕು ಹೊಸ ಪ್ಲಗ್ ಹಾಕಿ ಎಳೆತ ಜಾಸ್ತಿ ಮಾಡಿದ ಮೇಲೆಯೇ ಗಂಟಿನ ಬಣ್ಣ ಬಯಲಾಗಿದ್ದು. ಹಳ್ಳಿಯ ಲೈನಿನಲ್ಲಿ ಒಂದು ಬಲ್ಬ್ ಚೆನ್ನಾಗೇ ಉರಿಯುತ್ತದೆ, ಪಂಪ್‌ಸೆಟ್ ಹಾಕಿದ ಕೂಡಲೇ ಮಂಕಾಗುತ್ತದೆ, ಅಲ್ವಾ? ಅದೇ ಲೆಕ್ಕ. ಓಮ್ಸ್‌ನಲ್ಲಿ ಇಟ್ಟು ಅಳೆದರೂ ಪ್ರಯೋಜನ ಇಲ್ಲ. ಈ ಗಂಟಿನ ತಡೆ ಒಂದು ಓಮಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ, ಸಾದಾ ಮೀಟರಿನ ವೈರಿಗೇ ಅದಕ್ಕಿಂತ ಜಾಸ್ತಿ ತಡೆ ಇರುತ್ತದೆ. ಇಂಥದ್ದನ್ನು ಕರೆಂಟು ಓಡುತ್ತಿರುವಾಗಲೇ, ವೋಲ್ಟ್‌ನಲ್ಲೇ ಅಳೆಯಬೇಕು.

ರಿಲೇಯಿಂದ ಪಟ್ಟಿಯವರೆಗಿನ ವೈರು ಪೂರ್ತಿ ತೆಗೆದು ಹೊಸ ದಪ್ಪ ತಾಮ್ರದ ಕೇಬಲ್ ಎಳೆದೆ. ಹೊಸ ಲಗ್ಗು ಒತ್ತಿ ಕೂರಿಸಿ, ಅಂಟು ಇರುವ ಸ್ಲೀವು ಸುಟ್ಟು ಮುಚ್ಚಿದೆ. ಪಟ್ಟಿಯನ್ನು ಉಪ್ಪು ಕಾಗದದಲ್ಲಿ ಉಜ್ಜಿದೆ. ಸಾಮಾನಿಗೆ 180 ರೂಪಾಯಿ. ಈ ಗಡಿಬಿಡಿಯಲ್ಲಿ ಒಮ್ಮೆಯೂ ಸೆಲ್ಫ್ ಹೊಡೆದಿರಲಿಲ್ಲ, ಇಂಜಿನ್ ಇನ್ನೂ 14 ಡಿಗ್ರಿಯಲ್ಲೇ ಇತ್ತು. ಕೀಲಿ ಆನ್. ಪಟ್ಟಿಯಲ್ಲಿ 11.3. ದೀಪ ಆರಿದ ಮೇಲೂ ಮೂರು ಸೆಕೆಂಡ್ ಕಾಯಿಸಿ, "ಹೊಡೀರಿ" ಅಂದೆ. ಎರಡನೇ ಸುತ್ತಿಗೆ ಹತ್ತಿಕೊಂಡಿತು. ಹಿಂದೆ ಒಂದು ಮುಷ್ಟಿ ಹೊಗೆ, ಅಷ್ಟೇ. ತಳ್ಳಲು ಎದ್ದು ಬಂದಿದ್ದ ಹುಡುಗರು ಸ್ವಲ್ಪ ನಿರಾಸೆಯಲ್ಲೇ ವಾಪಸ್ ಹೋದರು.

ಚಹಾ ಕುಡಿಯುವಾಗ ಮೇಷ್ಟ್ರು ಕೇಳಿದರು, "ಹಾಗಾದ್ರೆ ಶಿರಸಿಗೆ ಬಂದ ಮೇಲೆ ಇದು ಹಾಳಾಗಿದ್ದಾ?" ಇಲ್ಲ. ಹಾಳಾಗಿದ್ದು ಕಾರವಾರದಲ್ಲೇ, ಬಹುಶಃ ವರ್ಷಗಳ ಹಿಂದೆ. ಅಲ್ಲಿನ ಬೆಚ್ಚನೆ ಬೆಳಗಿಗೆ ಹೀಟರ್ ಇಲ್ಲದೆಯೂ ಈ ಇಂಜಿನ್ ಹೇಗೋ ಏಳುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು, ಅಲ್ಲೂ ಎರಡು ಸಲ ಹೊಡೀಬೇಕಿತ್ತು. ಹಳೇ ಗಾಡಿ ಅಲ್ವಾ, ಅಷ್ಟು ಇರ್ತದೆ ಅಂತ ಬಿಟ್ಟಿದ್ದೆ" ಅಂದರು. "ಕಾರವಾರದಲ್ಲಿ ಒಂದು ದಿನವೂ ತೊಂದರೆ ಕೊಟ್ಟಿಲ್ಲ" ಅಂತ ಎಲ್ಲ ಗ್ಯಾರೇಜಿನಲ್ಲೂ ಅವರು ಹೇಳಿದ್ದರು. ಸುಳ್ಳು ಹೇಳಿದ್ದಲ್ಲ. ಆದರೆ ಆ ಮಾತಿನಿಂದಲೇ ಎಲ್ಲರೂ ಹೊಸದಾಗಿ ಕೆಟ್ಟದ್ದನ್ನು ಹುಡುಕಲು ಹೊರಟರು.

ನಡುವೆ ಒಂದು ಮಾತು. ಬೆಳಿಗ್ಗೆ ಏಳದ ಡೀಸೆಲ್ ಗಾಡಿಗೆ ಬಟ್ಟೆಗೆ ಪೆಟ್ರೋಲ್ ಹಾಕಿ ಏರ್ ಕ್ಲೀನರ್ ಬಾಯಿಗೆ ಹಿಡಿಯುವ, ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವ ಅಭ್ಯಾಸ ನಮ್ಮಲ್ಲಿದೆ. ಗಾಡಿ ಏಳುತ್ತದೆ, ಒಪ್ಪುತ್ತೇನೆ. ಆದರೆ ಒಳಗೆ ಹೀಟರ್ ಕೆಂಪಗಿದ್ದರೆ ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಅದು ಸಿಡಿಯುತ್ತದೆ. ಪಿಸ್ಟನ್, ರಿಂಗು ಮುರಿಯುತ್ತದೆ, ಬಟ್ಟೆ ಹಿಡಿದವನ ಮುಖವೂ ಸುಡಬಹುದು. ಮೇಷ್ಟ್ರ ಎರಡನೇ ಗ್ಯಾರೇಜಿನಲ್ಲಿ ಒಮ್ಮೆ ಇದನ್ನು ಮಾಡಿ ನೋಡಿದ್ದರಂತೆ. ಮೂರು ಹೀಟರ್ ಸತ್ತಿದ್ದು ಆ ದಿನ ಉಪಕಾರವೇ ಆಯಿತು.

ಜನವರಿ ಮೊದಲ ವಾರ ಚಳಿ ಇನ್ನೂ ಜೋರಾಯಿತು. ಮೇಷ್ಟ್ರು ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಒಂದೇ ಶಬ್ದ ಕಳಿಸುತ್ತಿದ್ದರು: "ಒಂದು". ಒಂದೇ ಸೆಲ್ಫಿಗೆ ಬಂತು ಅಂತ. ಹತ್ತು ದಿನ ಆದ ಮೇಲೆ ಅದೂ ನಿಂತಿತು.

ಫೆಬ್ರವರಿಯಲ್ಲಿ ಮತ್ತೆ ಬಂದರು. ಈ ಸಲ ಹೆಡ್‌ಲೈಟ್ ಎಡಗಡೆದು ಮಂಕು, ಹಾರ್ನ್ ಹೊಡೆದರೆ ಇನ್ನೂ ಮಂಕು. ಬಲ್ಬ್ ಬದಲಿಸಿ ಅಂದರು. ನಾನು ಬಲ್ಬ್ ಮುಟ್ಟದೆ, ಬಂಪರ್ ಹಿಂದೆ ಅರ್ತ್ ವೈರಿನ ಲಗ್ಗು ಹುಡುಕಿ ಸ್ಲೀವು ಸೀಳಿದೆ. ಅದೇ ಹಸಿರು.